ಕಣದಷ್ಟು ನೆಲ ಸಾಕು

ಗಾಲ್ಫ್ ವಿಚಾರದಲ್ಲಿ ನಮ್ಮ ಸೀಮೆಯ ಜನ ಎರಡು ಪಂಗಡ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಂದು ಪಂಗಡಕ್ಕೆ ಗಾಲ್ಫ್ ಕೋರ್ಸ್ ಬರುವುದೆಂದರೆ ಅಭಿವೃದ್ಧಿ ಬಂದ ಹಾಗೆ. ರಸ್ತೆ ಅಗಲವಾಗುತ್ತದೆ, ವಿಲ್ಲಾಗಳು ಏಳುತ್ತವೆ, ಎಕರೆಯ ಬೆಲೆ ಕೋಟಿಗಳಲ್ಲಿ ನಡೆಯುತ್ತದೆ. ಇನ್ನೊಂದು ಪಂಗಡಕ್ಕೆ ಅದು ಅನಿಷ್ಟ. ಸಾವಿರ ಅಡಿ ಕೊರೆದರೂ ನೀರು ಸಿಗದ ನೆಲದಲ್ಲಿ ಉಳ್ಳವರ ಹುಲ್ಲಿಗೆ ನೀರುಣಿಸುವ ಅನ್ಯಾಯ. ಈ ಎರಡು ಪಂಗಡಗಳು ಗ್ರಾಮಸಭೆಯಲ್ಲಿ ಎದುರುಬದುರು ಕೂರುತ್ತವೆ, ಪತ್ರಿಕೆಗಳಲ್ಲಿ ಜಗಳವಾಡುತ್ತವೆ. ಆದರೆ ಒಂದು ಮಾತನ್ನು ಇಬ್ಬರೂ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಗಾಲ್ಫ್ ಎಂದರೆ ನೂರೈವತ್ತು ಎಕರೆ ಹಸಿರು ಹುಲ್ಲು, ಹದಿನೆಂಟು ಹೋಲ್, ಸುತ್ತ ಕಾಂಪೌಂಡು, ಗೇಟಿನಲ್ಲಿ ಸೆಕ್ಯುರಿಟಿ.

ಇಬ್ಬರೂ ಒಪ್ಪಿರುವ ಆ ಮಾತೇ ತಪ್ಪು ಎಂಬುದು ನನ್ನ ವಾದ. ಗಾಲ್ಫ್ ಹುಟ್ಟಿದ್ದು ಸಣ್ಣದಾಗಿ, ಇದ್ದ ನೆಲದ ಮೇಲೆ, ಕುರಿ ಮೇಯುವ ಜಾಗದಲ್ಲಿ. ಒಂದು ಮನೆಯವರು, ಒಂದು ಊರಿನವರು ತಾವೇ ಮಾಡಿಕೊಂಡು ತಾವೇ ನೋಡಿಕೊಳ್ಳುವ ಪುಟ್ಟ ಅಂಗಳವೇ ಆ ಆಟದ ಮೂಲ ರೂಪ. ಅದನ್ನು ದೊಡ್ಡ ಕೋರ್ಸಿನ ಬಡ ನಕಲು ಎಂದು ಕರೆಯುವುದು ಇತಿಹಾಸವನ್ನು ತಲೆಕೆಳಗು ಮಾಡಿದಂತೆ. ನಮ್ಮ ಬಯಲುಸೀಮೆಯಲ್ಲಿ ಇರಲು ಹಕ್ಕಿರುವುದೂ ಆ ರೂಪಕ್ಕೆ ಮಾತ್ರ.

ಮೊದಲು ದೊಡ್ಡ ಕೋರ್ಸಿನ ಲೆಕ್ಕ ನೋಡೋಣ. ನಂದಿಬೆಟ್ಟದ ತಪ್ಪಲಲ್ಲಿ, ದೇವನಹಳ್ಳಿ ತಾಲ್ಲೂಕಿನ ಕಾರಹಳ್ಳಿಯ ಬಳಿ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇದೆ. 275 ಎಕರೆಯ ಯೋಜನೆ. 18 ಹೋಲ್‌ಗಳ ಕೋರ್ಸು, ಅದರ ಸುತ್ತ ವಿಲ್ಲಾಗಳು, ಪಕ್ಕದಲ್ಲಿ ದೊಡ್ಡ ಹೋಟೆಲು. ಅಲ್ಲಿ ಆಡುವವರ ಖುಷಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಮಾದರಿ ಬೆಟ್ಟ ದಾಟಿ ಈಚೆ ಬರಲಿ ಎಂದು ಬಯಸುವವರು ಬೆಟ್ಟದ ಈಚೆಗಿನ ನೆಲವನ್ನೂ ನೋಡಬೇಕು. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಇಷ್ಟು ನದಿಗಳಿಗೆ ಹುಟ್ಟು ಕೊಟ್ಟ ಬೆಟ್ಟಸಾಲಿನ ಬುಡದಲ್ಲೇ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ನಾಲ್ಕೂ ತಾಲ್ಲೂಕುಗಳಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಲಾಗಿದೆ. ಸಿಗುವ ಆಳದ ನೀರಿನಲ್ಲಿ ಫ್ಲೋರೈಡ್. ಇಂಥ ಕಡೆ ಬೇಸಿಗೆಯಲ್ಲಿ 18 ಹೋಲ್‌ಗಳ ಹುಲ್ಲನ್ನು ಹಸಿರಾಗಿಡಲು ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬೇಕು.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಸಂಸ್ಕರಿಸಿದ ಕೊಳಚೆ ನೀರು ಬಳಸುತ್ತೇವೆ. ಬೇರೆ ಊರಿನಲ್ಲಿ ಇದು ಒಪ್ಪುವ ಮಾತಾಗಬಹುದು. ನಮ್ಮಲ್ಲಿ ಆ ನೀರೇ ಕೆರೆಗಳ ಪಾಲು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳಿಂದ ಬರುವ ಎಚ್.ಎನ್. ವ್ಯಾಲಿ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಿದ್ದು ಮುಂದಿನ ಕೆರೆಗಳಿಗೆ ಹೋಗುತ್ತದೆ. ಆ ನೀರಿಗೆ ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಜಿಲ್ಲೆಯ ಜನ ಹೋರಾಡುತ್ತಾ ಬಂದಿದ್ದಾರೆ. ನಗರ ಬಳಸಿ ಬಿಟ್ಟ ನೀರಿಗೂ ಇಷ್ಟು ಪಾಡುಪಡುವ ಜಿಲ್ಲೆಯಲ್ಲಿ ಆಟದ ಹುಲ್ಲಿಗೆ ಪಾಲು ಕೇಳುವುದು ಸರಿಯಲ್ಲ. ಹಾಗಾಗಿ ದೊಡ್ಡ ಕೋರ್ಸನ್ನು ವಿರೋಧಿಸುವವರ ಪರ ನಾನಿದ್ದೇನೆ. ಆದರೆ ಅವರು ವಿರೋಧಿಸುತ್ತಿರುವುದು ಒಂದು ಬಗೆಯ ರಿಯಲ್ ಎಸ್ಟೇಟನ್ನು. ಅದನ್ನೇ ಗಾಲ್ಫ್ ಎಂದು ತಿಳಿದು ಆಟವನ್ನೂ ಜೊತೆಯಲ್ಲೇ ತಳ್ಳಿಹಾಕಿದ್ದಾರೆ.

ಹದಿನೆಂಟು ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಗಾಲ್ಫ್‌ನ ಬರಹರೂಪದ ಮೊದಲ ನಿಯಮಗಳು ಬಂದಿದ್ದು 1744ರಲ್ಲಿ, ಸ್ಕಾಟ್ಲೆಂಡಿನ ಲೀತ್‌ನಲ್ಲಿ. ನಿಯಮಗಳು ಹದಿಮೂರು, ಅಂಗಳದಲ್ಲಿದ್ದ ಹೋಲ್‌ಗಳು ಐದು. ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಹೋಲ್ ಇದ್ದದ್ದನ್ನು 1764ರಲ್ಲಿ 18ಕ್ಕೆ ಇಳಿಸಿದರು. ಅದು ಆ ನೆಲಕ್ಕೆ ಒಪ್ಪುವ ಲೆಕ್ಕವಾಗಿತ್ತು. 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದ ಪ್ರೆಸ್ಟ್‌ವಿಕ್‌ನಲ್ಲಿ 12 ಹೋಲ್ ಮಾತ್ರ ಇದ್ದವು. ಎಂಟು ಜನ ಆಟಗಾರರು ಒಂದೇ ದಿನದಲ್ಲಿ ಅದನ್ನು ಮೂರು ಸುತ್ತು ಆಡಿ ಮುಗಿಸಿದರು. ಮುಂದೆ ಆರು ಸಲ ಅದೇ ಪಂದ್ಯಾವಳಿಗೆ ನೆಲ ಕೊಟ್ಟ ಮಸಲ್‌ಬರ್ಗ್‌ನಲ್ಲಿದ್ದದ್ದು ಒಂಬತ್ತೇ ಹೋಲ್. 2020ರಿಂದ ಜಾರಿಯಲ್ಲಿರುವ ಆಟಗಾರನ ಮಟ್ಟ ಅಳೆಯುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಒಂಬತ್ತು ಹೋಲ್‌ಗಳ ಅಂಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಣ್ಣ ಅಂಗಳವನ್ನು ಅರೆಬರೆ ಗಾಲ್ಫ್ ಎನ್ನುವವರಿಗೆ ಆಟದ ಇತಿಹಾಸವೂ ಬೆಂಬಲವಾಗಿಲ್ಲ, ನಿಯಮವೂ ಬೆಂಬಲವಾಗಿಲ್ಲ.

ಆ ಹಳೆಯ ಅಂಗಳಗಳನ್ನು ಯಾರೂ ಬುಲ್ಡೋಜರ್ ತಂದು ಕಟ್ಟಿರಲಿಲ್ಲ. ಸಮುದ್ರದಂಚಿನ ಮರಳುನೆಲ, ಉಳುಮೆಗೆ ಬಾರದ್ದು. ಹುಲ್ಲು ಕತ್ತರಿಸಲು ಕುರಿಗಳಿದ್ದವು. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕೆಂಬ ಮೂಲ ನಿಯಮ ಇಂಥ ನೆಲದಲ್ಲಿ ಹುಟ್ಟಿತು. ಪ್ರಾಣಿಗಳ ಸಗಣಿ, ಹಿಕ್ಕೆಗಳನ್ನು ಚೆಂಡಿನ ಪಕ್ಕದಿಂದ ತೆಗೆದುಹಾಕಬಹುದು ಎಂಬ ವಿವರ ಇವತ್ತಿನ ನಿಯಮಾವಳಿಯಲ್ಲೂ ಇದೆ. ದನಕುರಿ ಮೇಯುವ ಜಾಗದಲ್ಲಿ ಗಾಲ್ಫ್ ಆಡುವುದನ್ನು ಆ ಆಟವೇ ನಿರೀಕ್ಷಿಸಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆಮೇಲೆ ಯಂತ್ರ ಬಂತು, ಸ್ಪ್ರಿಂಕ್ಲರ್ ಬಂತು, ಬಣ್ಣದ ಟಿ.ವಿ. ಬಂತು. ಅಮೆರಿಕದ ಅಗಸ್ಟಾ ಕೋರ್ಸಿನ ಹುಲ್ಲು ಪರದೆಯ ಮೇಲೆ ಹೊಳೆಯಿತು. ಜಗತ್ತು ಆ ಬಣ್ಣವನ್ನೇ ಆಟವೆಂದು ನಂಬಿತು. ನಂಬಿಕೆ ನಮ್ಮೂರಿಗೆ ಬರುವ ಹೊತ್ತಿಗೆ ಅದಕ್ಕೆ ವಿಲ್ಲಾಗಳ ಬ್ರೋಷರ್ ಅಂಟಿಕೊಂಡಿತ್ತು.

ಹುಲ್ಲಿಲ್ಲದೆ ಗಾಲ್ಫ್ ಆಡಿದ ನೆಲಗಳು ಎಷ್ಟೋ ಇವೆ. ಒಣ ಪ್ರದೇಶಗಳಲ್ಲಿ ಗುಳಿಯ ಸುತ್ತಲಿನ ಹಸಿರು ಗ್ರೀನಿನ ಬದಲು ಮರಳಿನ ಬ್ರೌನ್ ಮಾಡಿಕೊಳ್ಳುವುದು ಹಳೆಯ ರೂಢಿ. ಮರಳಿಗೆ ಸ್ವಲ್ಪ ಎಣ್ಣೆ ಬೆರೆಸಿ, ರೋಲರ್ ಎಳೆದು, ವೃತ್ತಾಕಾರದ ಗಟ್ಟಿ ನೆಲ ಮಾಡುತ್ತಾರೆ. ಪಟ್ ಮಾಡುವ, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಮೊದಲು ಒಂದು ಹಲಗೆಯನ್ನೋ ಗೋಣಿಯನ್ನೋ ಎಳೆದು ಹೆಜ್ಜೆಗುರುತು ಅಳಿಸುತ್ತಾರೆ. ಆಸ್ಟ್ರೇಲಿಯದ ಗೋಧಿ ಬೆಳೆಯುವ ಒಳನಾಡಿನ ಸಣ್ಣ ಊರುಗಳಲ್ಲಿ ಇಂಥ ಅಂಗಳಗಳನ್ನು ರೈತ ಕುಟುಂಬಗಳೇ ಸರದಿಯ ಮೇಲೆ ನೋಡಿಕೊಳ್ಳುತ್ತವೆ. ಅದೇ ದೇಶದ ಕೂಬರ್ ಪೀಡಿ ಎಂಬ ಓಪಲ್ ಗಣಿ ಊರಿನ ಕೋರ್ಸಿನಲ್ಲಿ ಹುಲ್ಲೇ ಇಲ್ಲ. ಆಟಗಾರರು ಅಂಗೈಯಗಲದ ಕೃತಕ ಹುಲ್ಲಿನ ತುಂಡೊಂದನ್ನು ಜೊತೆಗೊಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ನಮ್ಮ ಪಕ್ಕದಲ್ಲೇ ಕೆ.ಜಿ.ಎಫ್. ಚಿನ್ನದ ಗಣಿ ಇತ್ತು. ನಮ್ಮ ನಾಲ್ಕು ತಾಲ್ಲೂಕುಗಳು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯಲ್ಲೇ ಜಾನ್ ಟೇಲರ್ ಕಂಪನಿಯ ಗಣಿ ಅಧಿಕಾರಿಗಳು ತಮ್ಮ ಕ್ಲಬ್ಬಿನ ಗಾಲ್ಫ್ ಆಡುತ್ತಿದ್ದರು. ಮಳೆ ಕಡಿಮೆಯಾದ, ಸೈನೈಡ್ ದಿಬ್ಬಗಳ ನಡುವಿನ ಆ ನೆಲದಲ್ಲೂ ಆಟ ದಶಕಗಟ್ಟಲೆ ನಡೆಯಿತು.

ಈಗ ನಮ್ಮ ನೆಲದ ಮಾತಿಗೆ ಬರುತ್ತೇನೆ. ಬ್ರೌನ್ ಮಾಡುವ ವಿದ್ಯೆಯನ್ನು ನಾವು ಆಸ್ಟ್ರೇಲಿಯದಿಂದ ಕಲಿಯಬೇಕಾಗಿಲ್ಲ. ರಾಗಿ ಕಣ ಮಾಡಿದ ಯಾವ ಮನೆಯವರಿಗಾದರೂ ಅದು ಗೊತ್ತು. ಹೊಲದಲ್ಲಿ ಮಟ್ಟಸವಾದ ಜಾಗ ಆರಿಸಿ, ಗರಿಕೆ ಕೆತ್ತಿ, ಕಲ್ಲು ಆಯ್ದು, ನೀರು ಚಿಮುಕಿಸಿ, ದನ ತುಳಿಸಿ, ಗುಂಡು ಎಳೆದು ಗಟ್ಟಿ ಮಾಡುತ್ತಾರೆ. ಮೇಲೆ ಸಗಣಿಯ ಬಗ್ಗಡ ಸಾರಿಸುತ್ತಾರೆ. ಒಂದು ಕಾಳೂ ಮಣ್ಣಿನಲ್ಲಿ ಹೂತುಹೋಗದ, ಬಿರುಕಿಲ್ಲದ, ಧೂಳೇಳದ ನೆಲ ತಯಾರಾಗುತ್ತದೆ. ಮೂವತ್ತು ನಲವತ್ತು ಅಡಿ ಅಗಲ. ನಡುವೆ ಮೇಟಿ ಕಂಬ. ಒಂದು ಚೆಂಡು ನೇರವಾಗಿ, ನಿಧಾನವಾಗಿ, ಅಂದುಕೊಂಡ ಕಡೆಗೆ ಉರುಳಬೇಕಾದರೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಎಣ್ಣೆ ಬೆರೆಸಿ ಮಣ್ಣು ಕೆಡಿಸುವ ಅಗತ್ಯವಿಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯಲ್ಲಿ ಈಗಾಗಲೇ ಬರಿದಾಗಿರುವ ಮರಳನ್ನು ಇನ್ನಷ್ಟು ತೋಡುವ ಅಗತ್ಯವೂ ಇಲ್ಲ. ಒಕ್ಕಣೆ ಮುಗಿದ ಮೇಲೆ ಮೇಟಿ ಕಿತ್ತು, ಅಲ್ಲಿ 110 ಮಿಲಿಮೀಟರಿನ ಪಿವಿಸಿ ಪೈಪಿನ ಗೇಣುದ್ದದ ತುಂಡನ್ನು ಇಳಿಸಿದರೆ ಗುಳಿ ಸಿದ್ಧ. ನಿಯಮದ ಗುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಬೋರ್‌ವೆಲ್ ಬತ್ತಿಹೋದ ತೋಟಗಳಲ್ಲಿ ಇಂಥ ಪೈಪಿನ ತುಂಡುಗಳಿಗೆ ನಮ್ಮಲ್ಲಿ ಬರವಿಲ್ಲ.

ಕಾಲದ ಲೆಕ್ಕವೂ ಹೊಂದುತ್ತದೆ. ರಾಗಿ ಕೊಯ್ಲು ಕಾರ್ತಿಕದ ಆಚೀಚೆ. ಸಂಕ್ರಾಂತಿಯ ಹೊತ್ತಿಗೆ ಮಳೆಯಾಶ್ರಯದ ಹೊಲಗಳು ಖಾಲಿ. ಮುಂಗಾರು ಹಿಡಿಯುವ ತನಕ, ಐದಾರು ತಿಂಗಳು, ಕೂಳೆ ನಿಂತ ನೆಲ ಸುಮ್ಮನೆ ಬಿದ್ದಿರುತ್ತದೆ. ಹಳ್ಳಿಯ ಹುಡುಗರು ಕ್ರಿಕೆಟ್ ಆಡುವುದು ಈ ಕಾಲದಲ್ಲೇ, ಒಣಗಿದ ಕೆರೆ ಅಂಗಳದಲ್ಲಿ, ಕೊಯ್ಲಾದ ಹೊಲದಲ್ಲಿ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಆಡಿದ ಸುಂದರ ಕ್ರೀಡಾಂಗಣವಿದೆ. ಅದು ನಮ್ಮ ಹೆಮ್ಮೆ. ಆದರೂ ಜಿಲ್ಲೆಯ ಕ್ರಿಕೆಟ್ ಬದುಕಿರುವುದು ಕೆರೆ ಅಂಗಳಗಳಲ್ಲಿ. ಮಳೆ ಬಂದರೆ ಆ ಮೈದಾನ ನೀರಿಗೆ ಜಾಗ ಬಿಡುತ್ತದೆ, ಮಳೆ ಹೋದರೆ ಹುಡುಗರಿಗೆ ಮರಳಿ ಸಿಗುತ್ತದೆ. ಗಾಲ್ಫಿಗೂ ಅದೇ ಸಲ್ಲಬೇಕು. ಮುಂದಿನ ಮುಂಗಾರಿಗೆ ನೇಗಿಲು ಹೂಡಲು ಬರುವಂತಿದ್ದರೆ ಮಾತ್ರ ಅದು ನಮ್ಮ ಅಂಗಳ. ಹೂಡಲು ಬಾರದಂತೆ ನೆಲವನ್ನು ಬದಲಿಸಿದರೆ ಅದು ಬೇರೆಯವರ ಅಂಗಳ.

ಶಿಡ್ಲಘಟ್ಟದ ಕಡೆಯ ಒಂದು ಸಾಧಾರಣ ಹಿಡುವಳಿಯನ್ನು ಯೋಚಿಸಿ. ನಾಲ್ಕೈದು ಎಕರೆ. ಒಂದು ಭಾಗ ಹನಿ ನೀರಾವರಿಯ ಹಿಪ್ಪುನೇರಳೆ, ಇನ್ನೊಂದು ಭಾಗ ರಾಗಿ, ಅವರೆ. ಅಂಚಿನಲ್ಲಿ ಉಳುಮೆಗೆ ಬಾರದ ಬಂಡೆ, ಒಂದೆರಡು ಹೊಂಗೆ, ಬದುವಿನ ಮೇಲೆ ಹುಣಸೆ. ಇಲ್ಲಿ ನಾಲ್ಕೋ ಆರೋ ಹೋಲ್ ಹಿಡಿಯುತ್ತವೆ, ಒಂದೊಂದು ಅರವತ್ತರಿಂದ ನೂರು ಮೀಟರ್. ಬಂಡೆಯ ಮೇಲಿಂದ ಕೆಳಗಿನ ಕಣಕ್ಕೆ ಒಂದು. ಹೊಂಗೆಯನ್ನು ಎಡಕ್ಕೆ ಬಿಟ್ಟು ಆಡಬೇಕಾದದ್ದು ಒಂದು. ಬದು ದಾಟಿಸಿ, ಆಚೆಗಿನ ಇಳಿಜಾರಿನಲ್ಲಿ ಚೆಂಡು ನಿಲ್ಲಿಸಬೇಕಾದದ್ದು ಇನ್ನೊಂದು. ಹಿಪ್ಪುನೇರಳೆ ತೋಟಕ್ಕೆ ಬಿದ್ದ ಚೆಂಡು ಹೋದ ಹಾಗೆ. ಹುಳು ಮೇಯುವ ಸೊಪ್ಪಿನ ಸಾಲಿನಲ್ಲಿ ಯಾರೂ ಓಡಾಡಕೂಡದು. ಇದು ಆ ಅಂಗಳದ ಸ್ಥಳೀಯ ನಿಯಮ, ಮತ್ತು ಸ್ಥಳೀಯ ನಿಯಮ ಮಾಡಿಕೊಳ್ಳುವ ಅವಕಾಶವನ್ನು ಗಾಲ್ಫ್ ಪ್ರತಿ ಅಂಗಳಕ್ಕೂ ಕೊಟ್ಟಿದೆ. ಕೂಳೆಯ ನಡುವೆ ಚೆಂಡು ಸಿಕ್ಕಿಕೊಂಡರೆ ಕೂಬರ್ ಪೀಡಿಯವರ ಹಾಗೆ ಚೂರು ಮ್ಯಾಟ್ ಸಾಕು. ಕಳೆ ಏರಿದರೆ ಕುರಿ ಇವೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ನೆಲಕ್ಕೆ ಹಿಕ್ಕೆ ಸಿಗುತ್ತದೆ, ಅಂಗಳ ಬೋಳಾಗುತ್ತದೆ.

ಇಂಥ ಅಂಗಳದ ಚೆಲುವು ಎಲ್ಲಿದೆ? ಹಳ್ಳಿಯದ್ದೆಲ್ಲ ಮುದ್ದು ಎಂದು ಪಟ್ಟಣದವರು ಹೊಗಳುವ ಬಗೆ ನನಗೆ ಒಪ್ಪಿಗೆಯಿಲ್ಲ. ಆ ಹೊಗಳಿಕೆ ಬೇಗ ಬೇಸರವಾಗಿ ಮುಗಿಯುತ್ತದೆ. ಸಣ್ಣ ಅಂಗಳದ ಗುಣ ಗಟ್ಟಿಯಾದದ್ದು. ಮೊದಲನೆಯದು, ಅಲ್ಲಿ ಪ್ರತಿ ಹೋಲಿಗೂ ನೆಲದಿಂದ ಬಂದ ಕಾರಣವಿದೆ. ದೊಡ್ಡ ಕೋರ್ಸಿನಲ್ಲಿ ಕೆರೆಯನ್ನು ತೋಡುತ್ತಾರೆ, ದಿಣ್ಣೆಯನ್ನು ಪೇರಿಸುತ್ತಾರೆ, ಮರಗಳನ್ನು ಲಾರಿಯಲ್ಲಿ ತರುತ್ತಾರೆ. ಕೊನೆಗೆ ಫ್ಲಾರಿಡಾದ ಕೋರ್ಸಿಗೂ ದೇವನಹಳ್ಳಿಯ ಕೋರ್ಸಿಗೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಹೊಲದ ಅಂಗಳದಲ್ಲಿ ಬಂಡೆ ಇದ್ದದ್ದಕ್ಕೆ ಆಟ ಬಳಸಿ ಹೋಗುತ್ತದೆ. ಚಿಂತಾಮಣಿಯ ಕೈಲಾಸಗಿರಿಯ ಕಡೆ ಮಾಡಿದ ಅಂಗಳ ಗೌರಿಬಿದನೂರಿನ ನದೀಬಯಲಿನ ಅಂಗಳದಂತೆ ಇರಲು ಸಾಧ್ಯವೇ ಇಲ್ಲ. ಒಂದೆಡೆ ಚೆಂಡು ಕಲ್ಲಿಗೆ ಬಡಿದು ಎತ್ತಲೋ ಪುಟಿಯುತ್ತದೆ, ಇನ್ನೊಂದೆಡೆ ಮೆತ್ತನೆಯ ಮಣ್ಣಿನಲ್ಲಿ ಕೂತುಬಿಡುತ್ತದೆ. ಆಟಗಾರ ತನ್ನ ಹೊಡೆತವನ್ನು ಮಾತ್ರ ಕಲಿತರೆ ಸಾಲದು, ಆ ನೆಲವನ್ನೂ ಕಲಿಯಬೇಕು.

ಎರಡನೆಯದು, ಮಾಡಿದವರು ಅಲ್ಲೇ ಇರುತ್ತಾರೆ. ಗುಳಿ ತೋಡಿದವರು ಅಪ್ಪ, ಕಣ ಸಾರಿಸಿದವರು ಅಜ್ಜಿ, ಬಾವುಟಕ್ಕೆ ಹಳೆ ಸೀರೆಯ ತುಂಡು ಕಟ್ಟಿದವಳು ಮಗಳು. ಆರನೇ ಹೋಲಿನ ಕಣ ಒಂದು ಕಡೆ ವಾಲಿದ್ದರೆ ಅದನ್ನು ಯಾರಿಗೆ ಹೇಳಬೇಕೆಂದು ಆಡುವವರಿಗೆ ಗೊತ್ತಿರುತ್ತದೆ. ಬೆಳಗ್ಗೆ ಹೇಳಿದರೆ ಸಂಜೆಗೆ ಸರಿಯಾಗುತ್ತದೆ, ಇಲ್ಲವೇ ಅದು ಹಾಗೆಯೇ ಇರಲಿ ಎಂಬ ಉತ್ತರ ಬರುತ್ತದೆ. ಎರಡೂ ಒಳ್ಳೆಯ ಉತ್ತರಗಳೇ. ಮನೆಯವರು ನಡೆಸುವ ಮಿಲಿಟರಿ ಹೋಟೆಲಿಗೆ ಜನ ಯಾಕೆ ಹುಡುಕಿಕೊಂಡು ಹೋಗುತ್ತಾರೋ ಅದೇ ಕಾರಣ ಇಲ್ಲಿಯೂ ಇದೆ. ಕೆಲಸಕ್ಕೆ ಹೊಣೆ ಹೊತ್ತವರ ಮುಖ ಎದುರಿಗಿದೆ. ಮೆಂಬರ್‌ಶಿಪ್‌ಗೆ ಲಕ್ಷಗಳನ್ನು ಕಟ್ಟಿಸಿಕೊಳ್ಳುವ ಕ್ಲಬ್ಬುಗಳಲ್ಲಿ ಎಲ್ಲ ಸೌಕರ್ಯವೂ ಸಿಗಬಹುದು, ಇದೊಂದು ಸಿಗುವುದಿಲ್ಲ.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ದೊಡ್ಡದು ವರ್ಗದ್ದು. ಗಾಲ್ಫ್ ಸಾಹೇಬರ ಆಟ, ಅದರ ಹುಟ್ಟಿನಲ್ಲೇ ಜನರನ್ನು ದೂರವಿಡುವ ಗುಣವಿದೆ ಎನ್ನುತ್ತಾರೆ. ಇದನ್ನು ಸುಲಭವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಬ್ರಿಟನ್ನಿನ ಹೊರಗೆ ಅತ್ಯಂತ ಹಳೆಯದಾದ ಗಾಲ್ಫ್ ಕ್ಲಬ್ಬು 1829ರ ಕಲ್ಕತ್ತೆಯದು. ಬೆಂಗಳೂರಿನದು 1876ರದು. ಕೆ.ಜಿ.ಎಫ್.ನಲ್ಲಿ ಸಾಹೇಬರು ಆಡಿದರು, ಸ್ಥಳೀಯರ ಮಕ್ಕಳು ಚೀಲ ಹೊತ್ತರು. ಆ ಕಾಲದ ಅವಮಾನ ನಿಜವಾದದ್ದು. ಆದರೆ ಚೀಲ ಹೊತ್ತವರು ಏನು ಮಾಡಿದರೆಂಬುದೂ ನಿಜವೇ. ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಕಲ್ಕತ್ತೆಯ ಅಂಗಳದ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಎಸ್.ಎಸ್.ಪಿ. ಚೌರಾಸಿಯಾ 2008ರಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದರು. ಸ್ಪೇನಿನ ಪೆಡ್ರೇನ್ಯಾ ಎಂಬ ಊರಿನ ರೈತ ಕುಟುಂಬದ ಹುಡುಗ ಸೆವೆ ಬಾಲೆಸ್ಟೆರೋಸ್ ಹಳೆಯ ಕ್ಲಬ್ಬಿನ ತಲೆಗೆ ಕೋಲು ಸಿಕ್ಕಿಸಿಕೊಂಡು ಕಡಲತೀರದಲ್ಲಿ ಆಡಿ ಕಲಿತು, ಮುಂದೆ ಐದು ಮೇಜರ್ ಪ್ರಶಸ್ತಿಗಳನ್ನು ಗೆದ್ದರು. ಮುಂಬೈನ ಚೆಂಬೂರಿನಲ್ಲಿ ಕ್ಯಾಡಿಗಳೂ ಅವರ ಮಕ್ಕಳೂ ಕಬ್ಬಿಣದ ಸರಳು ಬಗ್ಗಿಸಿ ಕ್ಲಬ್ ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಲ್ಲಿ ಕೊಳೆಗೇರಿಯ ಗಲ್ಲಿಗಳಲ್ಲೇ ಗಾಲ್ಫ್ ಆಡುತ್ತಾರೆ. ಆಟವನ್ನು ದೂರವಿಟ್ಟದ್ದು ಗೇಟು. ಗೇಟಿಲ್ಲದ ಕಡೆ ಜನ ಅದನ್ನು ತಮ್ಮದಾಗಿಸಿಕೊಂಡಿದ್ದಾರೆ.

ನಮ್ಮ ರಾಜ್ಯದ ಉದಾಹರಣೆ ಎಸ್. ಚಿಕ್ಕರಂಗಪ್ಪ. ಬಿಡದಿ ಬಳಿಯ ಈಗಲ್ಟನ್ ಗಾಲ್ಫ್ ರೆಸಾರ್ಟಿನ ಪಕ್ಕದ ಹಳ್ಳಿಯವರು, ಅಲ್ಲೇ ಆಟ ಕಲಿತು ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಾದರು. ಇವರನ್ನು ತೋರಿಸಿ, ನೋಡಿ, ದೊಡ್ಡ ಕೋರ್ಸೇ ಹಳ್ಳಿಯ ಹುಡುಗನನ್ನು ಬೆಳೆಸಿತಲ್ಲ ಎಂದು ಕೇಳುವವರಿದ್ದಾರೆ. ಹೌದು, ಬೆಳೆಸಿತು. ಆದರೆ ಆ ಕೋರ್ಸಿನ ಪಕ್ಕ ಹುಟ್ಟಿದ ಕಾರಣಕ್ಕೆ ಒಬ್ಬ ಚಿಕ್ಕರಂಗಪ್ಪ ಸಿಕ್ಕಿದರೆ, ಅಂಥ ಪಕ್ಕದಲ್ಲಿ ಹುಟ್ಟದವರ ಲೆಕ್ಕ ಯಾರು ಇಟ್ಟಿದ್ದಾರೆ? 2021ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ಗಾಲ್ಫಿನ ಒಂದು ನಿಯಮವೂ ಗೊತ್ತಿಲ್ಲದ ಸಾವಿರಾರು ಕನ್ನಡಿಗರು ಆ ದಿನ ಟಿ.ವಿ. ಮುಂದೆ ಕೂತು ಪದಕಕ್ಕಾಗಿ ಹಂಬಲಿಸಿದರು. ಆಕೆ ಪುಟ್ಟ ಬಾಲಕಿಯಾಗಿ ಆಟ ಶುರುಮಾಡಿದ್ದು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆ.ಜಿ.ಎ.) ಅಂಗಳದಲ್ಲಿ. ಅದಿತಿಯನ್ನು ನೋಡಿ ಆಸೆಪಟ್ಟ ಚಿಂತಾಮಣಿಯ ಒಬ್ಬ ಹುಡುಗಿ ಮರುದಿನ ಎಲ್ಲಿಗೆ ಹೋಗಬೇಕಿತ್ತು? ಒಂದು ಕ್ಲಬ್ ಹಿಡಿದು, ಒಂದು ಚೆಂಡನ್ನು ಗುಳಿಗೆ ಉರುಳಿಸಿ ನೋಡಲು ಮೂರು ತಾಲ್ಲೂಕು ದಾಟಬೇಕಾದರೆ ಆಸೆ ಅಲ್ಲೇ ಮುಗಿಯುತ್ತದೆ. ಸಣ್ಣ ಅಂಗಳ ಚಾಂಪಿಯನ್ನರನ್ನು ತಯಾರಿಸಲೇಬೇಕಿಲ್ಲ. ಮೊದಲ ಹೊಡೆತಕ್ಕೆ ಜಾಗ ಕೊಟ್ಟರೆ ಸಾಕು.

ಎರಡನೇ ಆಕ್ಷೇಪ ಗೋಮಾಳದ್ದು, ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಇದೇ. ಹೊಸ ಚಟುವಟಿಕೆ ಯಾವುದೇ ಬರಲಿ, ಕಣ್ಣು ಮೊದಲು ಬೀಳುವುದು ಊರಿನ ಸಾಮೂಹಿಕ ನೆಲದ ಮೇಲೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ರಾಸುಗಳಿಗೆ 30 ಎಕರೆಯಂತೆ ಗೋಮಾಳ ಉಳಿಸಬೇಕು. ಆ ಲೆಕ್ಕದಲ್ಲಿ 150 ಎಕರೆಯ ಒಂದು ಕೋರ್ಸು 500 ರಾಸುಗಳ ಮೇವಿನ ನೆಲ. ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್ನಿಶ್ ನಮಗೆ ಇಲ್ಲಿ ಪಾಠ. 1891ರಲ್ಲಿ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಗುರುತು ಮಾಡಿಕೊಟ್ಟ ಆ ಅಂಗಳ ಕಾಲಕ್ರಮದಲ್ಲಿ ಮರೆಯಾಗಿ, 2008ರಲ್ಲಿ ಮತ್ತೆ ತೆರೆಯಿತು. ರಾಸಾಯನಿಕ ಗೊಬ್ಬರವಿಲ್ಲ, ಚಳಿಗಾಲದಲ್ಲಿ ದನಕುರಿ ಮೇಯುತ್ತವೆ. ಸಣ್ಣ ಅಂಗಳಗಳನ್ನು ಇಷ್ಟಪಡುವವರೆಲ್ಲ ಅದನ್ನು ಕೊಂಡಾಡುತ್ತಾರೆ. ಆದರೆ ಅದು ಮತ್ತೆ ಏಳುವಾಗ ಅಲ್ಲಿನ ಕೆಲವು ರೈತರು ತಮ್ಮ ಮೇವಿನ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗಿದ್ದರು. ಒಳ್ಳೆಯ ಉದ್ದೇಶದ ಅಂಗಳವೂ ಸಾಮೂಹಿಕ ನೆಲದ ಮೇಲೆ ಕೂತರೆ ಜಗಳ ತಪ್ಪುವುದಿಲ್ಲ. ಆದ್ದರಿಂದ ಗೋಮಾಳ, ಕೆರೆ ಅಂಗಳ, ಗುಂಡುತೋಪುಗಳಲ್ಲಿ ಗಾಲ್ಫ್ ಬೇಡವೇ ಬೇಡ. ತಮ್ಮ ಸ್ವಂತ ಹೊಲದಲ್ಲಿ, ಬೆಳೆ ಮುಗಿದ ಮೇಲೆ, ಮನೆಯವರು ಮಾಡಿಕೊಂಡರೆ ಮಾತ್ರ ಇರಲಿ.

ಚೆಂಡು ಅಪಾಯಕಾರಿ ಎಂಬ ಮಾತು ನಿಜ. ನಿಯಮದ ಗಾಲ್ಫ್ ಚೆಂಡು ಸುಮಾರು 46 ಗ್ರಾಂ ತೂಗುವ ಗಟ್ಟಿ ವಸ್ತು, ದಾರಿಹೋಕರಿಗೆ ಬಡಿದರೆ ಪ್ರಾಣಕ್ಕೆ ಕುತ್ತು. ನೂರು ಮೀಟರಿನ ಅಂಗಳಕ್ಕೆ ಹಗುರವಾದ ಪ್ಲಾಸ್ಟಿಕ್ ಅಥವಾ ಫೋಮ್ ಚೆಂಡು ಸಾಕು. ದಾರಿ, ಮನೆ, ಕೊಟ್ಟಿಗೆಗಳ ಕಡೆಗೆ ಯಾವ ಹೋಲೂ ಮುಖಮಾಡಬಾರದು. ಹಣದ ಬಗ್ಗೆಯೂ ನೇರವಾಗಿ ಹೇಳುತ್ತೇನೆ: ಇದು ರೇಷ್ಮೆಗೂಡಿನ ಬದಲಿಗೆ ಬರುವ ಆದಾಯವಲ್ಲ, ಟೊಮ್ಯಾಟೊ ಬೆಲೆ ಬಿದ್ದಾಗ ಕೈಹಿಡಿಯುವ ಉಳಿತಾಯವೂ ಅಲ್ಲ. ರಜಾದಿನಗಳಲ್ಲಿ ನಂದಿಬೆಟ್ಟಕ್ಕೆ, ಸ್ಕಂದಗಿರಿಗೆ ಬೆಂಗಳೂರಿನಿಂದ ವಾಹನಗಳು ಸಾಲುಗಟ್ಟಿ ಬರುತ್ತವೆ. ಅವರಲ್ಲಿ ಕೆಲವರು ಹೊಲಕ್ಕೆ ಬಂದು ಎರಡು ಗಂಟೆ ಆಡಿ, ಮುದ್ದೆ ಅವರೆಕಾಳಿನ ಸಾರು ಉಂಡು ಹೋದರೆ ಮನೆಗೆ ಒಂದಿಷ್ಟು ಕೈಗಾಸು. ಊರಿನ ಮಕ್ಕಳಿಂದ ಕಾಸು ತೆಗೆದುಕೊಳ್ಳಬಾರದು. ಹೂಡಿಕೆ ಬೇಡದ ಆಟಕ್ಕೆ ನಷ್ಟದ ಭಯವಿಲ್ಲ ಎಂಬುದೇ ಅದರ ಬಲ.

ಉಳಿದದ್ದು ಕಾನೂನು. ಕೃಷಿ ಜಮೀನನ್ನು ಬೇರೆ ಬಳಕೆಗೆ ತರಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿಯಲ್ಲಿ ಭೂಪರಿವರ್ತನೆ ಆಗಬೇಕು. ದೊಡ್ಡ ಕಂಪನಿಗೆ ಇದು ಒಂದು ಕಡತ, ಸಣ್ಣ ಹಿಡುವಳಿದಾರನಿಗೆ ವರ್ಷಗಳ ಅಲೆದಾಟ. ಪರಿವರ್ತನೆಯಾದ ಜಮೀನು ಮತ್ತೆ ಹೊಲವಾಗುವುದು ಅಪರೂಪ, ಅದು ಲೇಔಟಿನ ದಾರಿ ಹಿಡಿಯುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಇದ್ದ ಅಡ್ಡಿಯೂ ಹೋಗಿದೆ. ಅಂದರೆ ಇವತ್ತಿನ ವ್ಯವಸ್ಥೆ ನೆಲವನ್ನು ಶಾಶ್ವತವಾಗಿ ಬದಲಿಸುವವನಿಗೆ ಹಾದಿ ಸುಗಮ ಮಾಡಿದೆ. ನೆಲವನ್ನು ನೆಲವಾಗಿಯೇ ಉಳಿಸಿ ನಾಲ್ಕು ತಿಂಗಳು ಆಡಿಸುವವನಿಗೆ ಅದರಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಬೋರ್‌ವೆಲ್ ಕೊರೆಯದ, ಕಾಂಕ್ರೀಟ್ ಹಾಕದ, ಬೇಲಿ ಬಿಗಿಯದ, ಮುಂಗಾರಿಗೆ ಉಳುಮೆಯಾಗುವ ಹೊಲದಲ್ಲಿ ಬೇಸಿಗೆಯ ಆಟಕ್ಕೆ ಭೂಪರಿವರ್ತನೆ ಬೇಡ ಎಂದು ಸರ್ಕಾರ ಸ್ಪಷ್ಟವಾಗಿ ಬರೆಯಬೇಕು. ಜಿಲ್ಲಾ ಕ್ರೀಡಾ ಇಲಾಖೆ ಪ್ರತಿ ತಾಲ್ಲೂಕಿನ ಒಂದೊಂದು ಸರ್ಕಾರಿ ಶಾಲೆಗೆ ಹತ್ತು ಹಳೆಯ ಕ್ಲಬ್, ಒಂದು ಚೀಲ ಹಗುರ ಚೆಂಡು ಕೊಟ್ಟರೆ ಉಳಿದದ್ದನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ.

ರಾಗಿಯನ್ನು ಈಗ ಡಾಂಬರು ರಸ್ತೆಯ ಮೇಲೆ ಹರಡಿ, ಲಾರಿ ಚಕ್ರದಡಿ ಒಕ್ಕಣೆ ಮಾಡುವುದು ಸಾಮಾನ್ಯವಾಗಿದೆ. ಕಣ ಮಾಡಲು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಇನ್ನೂ ಕಣ ಮಾಡುವ ಮನೆಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಉಳಿದಿವೆ. ಅಂಥ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು: ಈ ಸುಗ್ಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಕಣವನ್ನು ಕೆದಕಬೇಡಿ, ನಡುವೆ ಒಂದು ಗುಳಿ ತೋಡಿ, ಮಕ್ಕಳನ್ನು ಕರೆಯಿರಿ. ಗ್ರಾಮ ಪಂಚಾಯಿತಿಗಳಲ್ಲಿ ಕೂರುವವರಲ್ಲಿ ಇನ್ನೊಂದು ಕೋರಿಕೆ. ನೂರೈವತ್ತು ಎಕರೆ ಹುಲ್ಲಿನ ನಕ್ಷೆ ನಿಮ್ಮ ಮೇಜಿನ ಮೇಲೆ ಬಂದರೆ ಬೇಡವೆನ್ನಿ. ಹೊಲದ ಮೂಲೆಯಲ್ಲಿ ಆರು ಗುಳಿ ತೋಡುತ್ತೇವೆ ಎಂದು ಒಂದು ಮನೆಯವರು ಬಂದರೆ, ನೀರು ಕೇಳದ ಆ ಆಟಕ್ಕೆ ಒಪ್ಪಿಗೆ ಕೊಡಿ.